ಮಂದಾಕಿನಿ ಕಣ್ಣು ಬಿಟ್ಟ ದಿನ

ಮಂದಾಕಿನಿಯ ಬಲಗಣ್ಣಿನ ರೆಪ್ಪೆ ಚೂರೇ ಚೂರು ಅಲುಗಿತು. ಶನಿವಾರದ ಸಂಚಿಕೆ ಅಲ್ಲಿಗೆ ಮುಗಿಯಿತು. ಸೋಮವಾರ ಬೆಳಿಗ್ಗೆ ಧಾರಾವಾಹಿ ಬರೆಯುವವರೆಲ್ಲ ಮುಷ್ಕರ ಹೂಡಿದರು. ಹೀಗಾಗಿ ಆ ಹೆಣ್ಣುಮಗಳು ಕಣ್ಣು ಬಿಡಬೇಕೋ ಪೂರ್ತಿ ಮುಚ್ಚಬೇಕೋ ಹೇಳುವವರಿಲ್ಲದೆ ಆಸ್ಪತ್ರೆಯ ಮಂಚದ ಮೇಲೆ ಹಾಗೇ ಉಳಿದುಬಿಟ್ಟಳು. ಹೇಳಬೇಕಾದವನು ಶಿವಮೊಗ್ಗದ ಗೋಪಾಳದ ಬಾಡಿಗೆ ಮನೆಯೊಂದರಲ್ಲಿ ಲುಂಗಿ ಉಟ್ಟು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದ.

ಅವನ ಹೆಸರು ಜ್ಞಾನೇಶ. ಮಧ್ಯಾಹ್ನ ಒಂದೂವರೆಗೆ ಬರುವ 'ಸೆರಗಿನ ಗಂಟು' ಧಾರಾವಾಹಿಗೆ ನಾಲ್ಕು ವರ್ಷದಿಂದ ಕತೆಯೂ ಅವನದೇ, ಮಾತೂ ಅವನದೇ. ರಾತ್ರಿ ಇವನು ಬರೆದು ಕಳಿಸಿದ್ದನ್ನು ಬೆಳಿಗ್ಗೆ ಬೆಂಗಳೂರಿನಲ್ಲಿ ಚಿತ್ರೀಕರಿಸಿ ಮಧ್ಯಾಹ್ನವೇ ಬಡಿಸುವ ಖಾನಾವಳಿ ಅದು. ಮಂದಾಕಿನಿಗೆ ಮದುವೆ ಮಾಡಿಸಿದ್ದು, ಅವಳ ಗಂಡನಿಗೆ ನೆನಪು ಹೋಗುವಂತೆ ಮಾಡಿದ್ದು, ದೊಡ್ಡತ್ತೆ ನಾಗಾಂಬಿಕೆಯ ಕೈಯಿಂದ ಹಾಲಿಗೆ ವಿಷ ಬೆರೆಸಿದ್ದು ಎಲ್ಲ ಇವನೇ. ಆದರೆ ಇವನ ಹೆಸರನ್ನು ಟೀವಿಯಲ್ಲಿ ಓದಿದವರು ಮಾತ್ರ ಒಬ್ಬರೂ ಇಲ್ಲ. ಕೊನೆಗೆ ಹೆಸರುಗಳು ಬರುವ ಹೊತ್ತಿಗೆ ತೆರೆಯ ಮುಕ್ಕಾಲು ಪಾಲಿನಲ್ಲಿ ಪಾತ್ರೆ ತೊಳೆಯುವ ಸೋಪು ಕುಣಿಯುತ್ತಿತ್ತು, ಉಳಿದ ಕಾಲು ಪಾಲಿನಲ್ಲಿ ಹೆಸರುಗಳು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಮೇಲಕ್ಕೆ ಓಡುತ್ತಿದ್ದವು.

ಹೆಸರನ್ನು ಓದಲು ಆಗುವಷ್ಟು ಹೊತ್ತು ತೋರಿಸಬೇಕು, ಬರೆದದ್ದನ್ನು ನಡುರಾತ್ರಿ ಫೋನು ಮಾಡಿ ಬದಲಿಸು ಅನ್ನಬಾರದು, ಇವು ಮುಷ್ಕರದ ಬೇಡಿಕೆಗಳು. ಭಾನುವಾರ ಸಂಘದ ಕಾರ್ಯದರ್ಶಿ ಮಲ್ಲಿಕ್ ಎಲ್ಲರನ್ನೂ ವೀಡಿಯೊ ಕರೆಯಲ್ಲಿ ಕೂಡಿಸಿ, ಪೆನ್ನು ಮೇಲೆತ್ತಿಸಿ ಆಣೆ ಮಾಡಿಸಿದ್ದ. ತೀರ್ಮಾನ ಆಗುವ ತನಕ ಒಂದು ಸಾಲು ಬರೆಯುವಂತಿಲ್ಲ, ಮುಂದಿನ ಕತೆಯ ಒಂದೆಳೆಯನ್ನೂ ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ. ಬಿಟ್ಟವನು ಸಂಘದಿಂದ ಹೊರಗೆ, ಮುಂದೆ ಅವನಿಗೆ ಎಲ್ಲೂ ಕೆಲಸವಿಲ್ಲ. ಮೊಬೈಲಿನಲ್ಲೇ ಬರೆಯುವ ಜ್ಞಾನೇಶ ಮನೆಯಲ್ಲಿ ಪೆನ್ನು ಸಿಕ್ಕದೆ ಹೆಂಡತಿಯ ಹುಬ್ಬಿನ ಪೆನ್ಸಿಲ್ಲನ್ನೇ ಎತ್ತಿ ಹಿಡಿದಿದ್ದ.

ಮನೆಯಲ್ಲಿ ಕೂತು ಬರೆಯುವವನ ಮುಷ್ಕರ ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದು ಅವನಿಗೆ ಬೆಳಿಗ್ಗೆಯೇ ಗೊತ್ತಾಯಿತು. ಎದುರುಮನೆಯ ನಿವೃತ್ತ ಮೇಷ್ಟ್ರು ಷಡಕ್ಷರಪ್ಪ ಪೇಪರು ಹಿಡಿದುಕೊಂಡು ಬಂದು, ನಿನ್ನೆಯೂ ಮನೆಯಲ್ಲೇ ಇದ್ದೆ, ಇವತ್ತೂ ಮನೆಯಲ್ಲೇ ಇದ್ದೀಯ, ಇದರಲ್ಲಿ ಕೆಲಸ ಯಾವುದು ಮುಷ್ಕರ ಯಾವುದು ಎಂದು ವಿಚಾರಿಸಿದರು. ನೀನು ಬರೆದುಕೊಡದಿದ್ದರೆ ಅವರವರೇ ಏನೋ ಒಂದು ಮಾತಾಡಿಕೊಳ್ಳುವುದಿಲ್ಲವೇ ಎಂದೂ ಕೇಳಿದರು. ಹೆಂಡತಿ ಶಾಂಭವಿಗೆ ಮಾತ್ರ ಮುಷ್ಕರ ಚೆನ್ನಾಗಿಯೇ ಅರ್ಥವಾಗಿತ್ತು. ಗಂಡ ಖಾಲಿ ಕೂತಿದ್ದಾನೆಂದು ಈರುಳ್ಳಿ ಬುಟ್ಟಿಯನ್ನು ಅವನ ಮುಂದಿಟ್ಟವಳು ಅವಳೇ.

ಅವಳಿಗೆ ಒಳಗೊಳಗೇ ಕೋಪವೂ ಇತ್ತು. ಲಾಕ್‌ಡೌನ್ ಕಾಲದಲ್ಲಿ ಅವರ ಕಡೆಯ ಹೆಂಗಸರಲ್ಲಿ ಒಂದು ಅಭ್ಯಾಸ ಶುರುವಾಗಿತ್ತು. ಒಂದೂವರೆ ಆಯಿತೆಂದರೆ ಗೋಪಾಳದಲ್ಲಿ ಶಾಂಭವಿ, ಭದ್ರಾವತಿಯಲ್ಲಿ ಅವಳ ತಾಯಿ ಮಹಾಂತಮ್ಮ, ಮಲವಗೊಪ್ಪದಲ್ಲಿ ಚಿಕ್ಕಮ್ಮ ಸುಭದ್ರಮ್ಮ, ಶಿವಮೊಗ್ಗದ ಕೋಟೆ ಬೀದಿಯಲ್ಲಿ ದೊಡ್ಡಪ್ಪನ ಮಗಳು ವಾಣಿ, ಎಲ್ಲರೂ ಫೋನಿನಲ್ಲಿ ಒಟ್ಟಿಗೆ ಸೇರಿ, ಫೋನನ್ನು ಮಗ್ಗುಲಲ್ಲಿಟ್ಟುಕೊಂಡು, ತಂತಮ್ಮ ಮನೆಯ ಟೀವಿ ನೋಡುತ್ತ ಒಂದೇ ಚಾಪೆಯ ಮೇಲೆ ಕೂತವರಂತೆ ನಾಗಾಂಬಿಕೆಗೆ ಹಿಡಿಶಾಪ ಹಾಕುತ್ತಿದ್ದರು. ಇದಕ್ಕೆ 'ಕಾನ್ಫರೆನ್ಸ್' ಎಂದೇ ಹೆಸರು. ಕೊರೊನಾ ಹೋದರೂ ಕಾನ್ಫರೆನ್ಸ್ ಹೋಗಲಿಲ್ಲ. ಆ ಹೊತ್ತಿನಲ್ಲಿ ಗಂಡಸರು ಉಪ್ಪು ಕೇಳಿದರೂ ಸಿಗುತ್ತಿರಲಿಲ್ಲ. ಇವತ್ತು ಒಂದೂವರೆಗೆ ಮೊದಲನೇ ಸಂಚಿಕೆಯಿಂದ ಹಳೆಯದನ್ನೇ ಹಾಕುತ್ತಾರಂತೆ ಎಂದು ಪೇಪರಿನಲ್ಲಿ ಬಂದಿತ್ತು.

ಈರುಳ್ಳಿ ಮುಗಿಯುವ ಮೊದಲೇ ಭದ್ರಾವತಿಯಿಂದ ಮಾವ ಮುರುಗೇಶಪ್ಪನವರ ಫೋನು ಬಂತು. ಮಾವ ಅಲ್ಲಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ, ಅದಕ್ಕಿಂತ ಹೆಚ್ಚಾಗಿ ಕಾರ್ಮಿಕ ಮುಖಂಡರಾಗಿ ದುಡಿದು ನಿವೃತ್ತರಾದವರು. ಅಳಿಯನ ಕೆಲಸವನ್ನು ಅವರು ಕೆಲಸವೆಂದು ಎಂದೂ ಒಪ್ಪಿರಲಿಲ್ಲ. ಯಾರಾದರೂ ಕೇಳಿದರೆ 'ಏನೋ ಟೈಪಿಂಗು' ಎಂದು ಮಾತು ಬದಲಿಸುತ್ತಿದ್ದರು. ಇವತ್ತು ಅವರ ದನಿಯೇ ಬೇರೆಯಾಗಿತ್ತು.

"ಪೇಪರ್ ನೋಡ್ದೆ ಕಣಪ್ಪ. ಮುಷ್ಕರಕ್ಕೆ ಇಳ್ದಿದ್ದೀಯ. ನನ್ನ ಅಳಿಯ ಅಂತ ಇವತ್ತು ನಾಲ್ಕು ಜನರ ಮುಂದೆ ಹೇಳ್ಕೊಳ್ಳೋ ಹಂಗಾಯ್ತು," ಎಂದರು.

ಜ್ಞಾನೇಶನಿಗೆ ಕಣ್ಣು ತುಂಬಿ ಬಂತು. ಈರುಳ್ಳಿಯ ಪಾಲೂ ಸ್ವಲ್ಪ ಇತ್ತು. ಆಮೇಲೆ ಮಾವ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಶನಿವಾರ ಮಂದಾಕಿನಿಯ ರೆಪ್ಪೆ ಅಲುಗಿದ್ದನ್ನು ನೋಡಿದ ಮಹಾಂತಮ್ಮ ಕೈ ಮುಗಿದು, ಆ ಹುಡುಗಿ ಕಣ್ಣು ಬಿಡುವ ತನಕ ಅನ್ನ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತುಬಿಟ್ಟಿದ್ದರು. ಭಾನುವಾರ ಒಂದು ದಿನ ಹೇಗೋ ತಳ್ಳಿದರೆ ಸೋಮವಾರ ಕಣ್ಣು ಬಿಡುತ್ತಾಳೆ ಎನ್ನುವುದು ಅವರ ಲೆಕ್ಕಾಚಾರ. ಈಗ ನೋಡಿದರೆ ಕಣ್ಣು ಬಿಡಿಸುವವನೇ ಕೈ ಕಟ್ಟಿ ಕೂತಿದ್ದಾನೆ. ಸಕ್ಕರೆ ಕಾಯಿಲೆಯ ಮೈ ಬೇರೆ.

"ಬಂದು ಅವಳಿಗೆ ಬುದ್ಧಿ ಹೇಳು. ಕತೆ ಮಾತ್ರ ಹೇಳ್ಬೇಡ. ಹೇಳಿದ್ಯೋ, ನಂಗೂ ನಿಂಗೂ ಅಲ್ಲಿಗೆ ಮುಗೀತು."

ಶಾಂಭವಿ ಗಂಡನ ಕೈಯಿಂದ ಚಾಕು ಕಿತ್ತುಕೊಂಡಳು. ಅಮ್ಮನಿಗೆ ಏನಾದರೂ ಆದರೆ ನಿಮ್ಮ ಸಂಘದವರು ಬರುತ್ತಾರಾ, ಮೊದಲು ಹೋಗಿ ಅವಳ ಕಣ್ಣು ಬಿಡಿಸಿ ಬನ್ನಿ ಎಂದಳು. ಆಣೆ ಮಾಡಿದ್ದೇನೆ ಎಂದು ಜ್ಞಾನೇಶ ಗೋಗರೆದ. ನನ್ನ ಹುಬ್ಬಿನ ಪೆನ್ಸಿಲ್ ಹಿಡಿದು ಮಾಡಿದ ಆಣೆ ಎಷ್ಟು ಗಟ್ಟಿ ಅಂತ ನನಗೆ ಗೊತ್ತು ಎಂದು ಅವಳು ಬಾಗಿಲು ತೆರೆದು ನಿಂತಳು. ಹೀಗೆ ಉಪ್ಪಿಟ್ಟು ತಿನ್ನದೆಯೇ ಅವನು ಹೊರಡಬೇಕಾಯಿತು.

ನಿಜವಾದ ಸಂಕಟವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಮಂದಾಕಿನಿ ಕಣ್ಣು ಬಿಡುತ್ತಾಳೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಶನಿವಾರ ಏನಾದರೂ ಅಲುಗಬೇಕಿತ್ತು, ರೆಪ್ಪೆ ಅಲುಗಿಸಿದ್ದ. ಒಂದು ವಿಷಯ ಮಾತ್ರ ಗಟ್ಟಿಯಾಗಿತ್ತು. ಮಂದಾಕಿನಿಗೆ ಒಬ್ಬಳು ಅವಳಿ ತಂಗಿ ಇದ್ದಾಳೆ ಅನ್ನುವುದನ್ನು ಅವನು ಯಾರಿಗೂ ಹೇಳದೆ, ಕಷ್ಟಕಾಲಕ್ಕೆ ಇರಲಿ ಎಂದು ಕಾಪಿಟ್ಟುಕೊಂಡಿದ್ದ. ಆ ಒಬ್ಬ ತಂಗಿಯಿಂದ ಇನ್ನು ಮೂರು ವರ್ಷ ಮನೆ ನಡೆಯುತ್ತಿತ್ತು.

ಭದ್ರಾವತಿಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟು ಹರಿಯುತ್ತ ಅವನ ಮುಖವನ್ನೇ ದಿಟ್ಟಿಸಿದ. ಸ್ಥಳೀಯ ಪೇಪರಿನವರು ನಮ್ಮ ಜಿಲ್ಲೆಯ ಬರಹಗಾರ ಎಂದು ಹೆಮ್ಮೆಯಿಂದ ಫೋಟೊ ಹಾಕಿದ್ದರು. ಅವಳು ಬದುಕುತ್ತಾಳಾ ಸಾರ್ ಎಂದು ಕಂಡಕ್ಟರು ಮೆಲ್ಲಗೆ ಕೇಳಿದ. ಹೇಳುವಂತಿಲ್ಲ ಎಂದದ್ದೇ ತಪ್ಪಾಯಿತು. ಹಾಗಾದರೆ ಸತ್ತೇ ಹೋದಳು ಎಂದು ಮುಂದಿನ ಸೀಟಿನ ಹೆಂಗಸು ನಿಟ್ಟುಸಿರು ಬಿಟ್ಟಳು. ಮಲವಗೊಪ್ಪ ಬರುವಷ್ಟರಲ್ಲಿ ಇಡೀ ಬಸ್ಸಿನಲ್ಲಿ ಸೂತಕ ಕವಿದಿತ್ತು. ಪಕ್ಕದಲ್ಲಿದ್ದ ಮುದುಕ, ಹೆಣ್ಣುಮಕ್ಕಳನ್ನು ಹೀಗೆ ಅರ್ಧ ಜೀವದಲ್ಲಿ ಬಿಟ್ಟು ತಿರುಗುವವರಿಗೆ ಒಳ್ಳೆಯದಾಗುವುದಿಲ್ಲ ಎಂದು ಎದ್ದುಹೋಗಿ ನಿಂತುಕೊಂಡೇ ಬಂದ.

ಸದ್ದಿಲ್ಲದೆ ಮಾವನ ಮನೆ ಸೇರಿಕೊಂಡರೆ ಸಾಕು ಎಂದುಕೊಂಡು ಬೀದಿ ತಿರುಗಿದ ಜ್ಞಾನೇಶ ಅಲ್ಲೇ ನಿಂತುಬಿಟ್ಟ. ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮಾವನ ಹಳೆಯ ಸಹೋದ್ಯೋಗಿಗಳೆಲ್ಲ ತಲೆಗೆ ಮಫ್ಲರು ಸುತ್ತಿ ಕೂತಿದ್ದರು. 'ಧಾರಾವಾಹಿ ಕಾರ್ಮಿಕರ ಹೋರಾಟಕ್ಕೆ ಜಯವಾಗಲಿ' ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ಬೇರೆ ಊರಿನಲ್ಲಿ ಅಳಿಯ ಬಂದರೆ ಕಾಲಿಗೆ ನೀರು ಕೊಡುತ್ತಾರೆ. ಕಾರ್ಖಾನೆಯ ಊರಿನಲ್ಲಿ ಮುಷ್ಕರಕ್ಕಿಳಿದ ಅಳಿಯ ಬಂದರೆ ಹೀಗೆಲ್ಲ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಚೆಂಡುಹೂವಿನ ಹಾರ ಕೊರಳಿಗೆ ಬಿತ್ತು. ಮಾವನ ಬಲಗೈ ಬಂಟ ಭೂತಪ್ಪ ಎದ್ದು ನಿಂತು ಘೋಷಣೆ ಕೂಗಿಸಿದ. ಹಳೆಯ ಅಭ್ಯಾಸಕ್ಕೆ ಮೊದಲು ಬೋನಸ್ಸು ಬೇಕೆಂದು ಕೂಗಿಬಿಟ್ಟು, ಆಮೇಲೆ ತಿದ್ದಿಕೊಂಡು ಹೆಸರು ಬೇಕೆಂದು ಕೂಗಿದ. ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ್ದ ತಮಿಳಿನವರಿಗೆ ಬೇಜಾರಾಗಬಾರದೆಂದು ತಮಿಳಿನಲ್ಲೂ ಒಂದು ಸುತ್ತು ಆಯಿತು. ಹೋರಾಟವೆಂದ ಮೇಲೆ ಉಪವಾಸ ಇರಲೇಬೇಕು, ಆದರೆ ಅಲ್ಲಿದ್ದವರಿಗೆಲ್ಲ ಬೀಪಿ, ಶುಗರು. ಹೀಗಾಗಿ ಸಂಜೆಯ ತನಕ ಅಳಿಯನೇ ಉಪವಾಸ ಕೂರತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಒಳಗೆ ಮುಷ್ಕರ ಮುರಿಯಲಿ ಎಂದು ಅತ್ತೆಯ ಉಪವಾಸ, ಹೊರಗೆ ಮುಷ್ಕರ ಗೆಲ್ಲಲಿ ಎಂದು ಅಳಿಯನ ಉಪವಾಸ. ಖಾಲಿ ಹೊಟ್ಟೆಯ ಜ್ಞಾನೇಶ ಅತ್ತೆಯನ್ನು ನೋಡಿ ಬರುತ್ತೇನೆಂದರೆ, ಬುದ್ಧಿ ಸಂಜೆ ಹೇಳಬಹುದು, ಈಗ ಮುಷ್ಕರದ ಜಾಗ ಬಿಟ್ಟು ಏಳುವಂತಿಲ್ಲ ಎಂದು ಭೂತಪ್ಪ ಭುಜ ಒತ್ತಿ ಕೂರಿಸಿದ.

ಮುರುಗೇಶಪ್ಪ ಭಾಷಣಕ್ಕೆ ನಿಂತರು. ಅವರ ಭಾಷಣದಲ್ಲಿ ತಮ್ಮ ವಿಜಯಕುಮಾರನ ಕತೆ ಬಾರದೆ ಇರುತ್ತಿರಲಿಲ್ಲ. ಹಿಂದೊಮ್ಮೆ ದೊಡ್ಡ ಮುಷ್ಕರದಲ್ಲಿ ಎಲ್ಲರೂ ಹೊರಗೆ ಕೂತಿದ್ದಾಗ ಆ ತಮ್ಮ ಸದ್ದಿಲ್ಲದೆ ಹಿಂದಿನ ಗೇಟಿನಿಂದ ಕೆಲಸಕ್ಕೆ ಹೋಗಿದ್ದ.

"ಅವತ್ತಿಂದ ಇವತ್ತಿನ ತನಕ ಅವನ ಮನೆ ನೀರು ಕುಡ್ದಿಲ್ಲ. ಸ್ವಂತ ತಮ್ಮ. ಹಿಂದಿನ ಗೇಟಲ್ಲಿ ಹೋದವನು ನಂಗೆ ಯಾರೂ ಅಲ್ಲ," ಎಂದು ಅಳಿಯನ ಕಡೆ ಹೆಮ್ಮೆಯಿಂದ ನೋಡಿದರು. ಆ ತಮ್ಮನ ಹೆಂಡತಿಯೇ ಮಲವಗೊಪ್ಪದ ಸುಭದ್ರಮ್ಮ. ಅಣ್ಣತಮ್ಮ ಮಾತು ಬಿಟ್ಟಿದ್ದರೂ ಹೆಂಗಸರು ದಿನಾ ಕಾನ್ಫರೆನ್ಸಿನಲ್ಲಿ ಸೇರುತ್ತಿದ್ದ ಸಂಗತಿ ಮುರುಗೇಶಪ್ಪನವರಿಗೆ ಗೊತ್ತಿರಲಿಲ್ಲ.

ಒಂದೂವರೆ ಆಯಿತು. ಬೀದಿಯ ಎಲ್ಲ ಮನೆಗಳಿಂದಲೂ 'ಸೆರಗಿನ ಗಂಟು' ಧಾರಾವಾಹಿಯ ಹಾಡು ಕೇಳಿಬಂತು. ಹಳೆಯ ಸಂಚಿಕೆ ಶುರುವಾಗಿತ್ತು. ಜ್ಞಾನೇಶ ಕಿರುಬೆರಳು ತೋರಿಸಿದ. ಇದಕ್ಕೆ ಯಾವ ಸಂಘವೂ ಅಡ್ಡಿ ಹೇಳುವಂತಿಲ್ಲವಾದ್ದರಿಂದ ಭೂತಪ್ಪ ದಾರಿ ಬಿಟ್ಟ. ಬಚ್ಚಲು ಹಿತ್ತಿಲಲ್ಲಿತ್ತು. ಅಲ್ಲಿಂದ ಬರುವಾಗ ಅಡುಗೆಮನೆಯ ಹಿಂಬಾಗಿಲು ಅರ್ಧ ತೆರೆದಿತ್ತು. ಬಾಗಿಲ ಸಂದಿಯಿಂದ ನೋಡಿದರೆ ನಡುಮನೆಯ ಮಂಚದ ಮೇಲೆ ಮಹಾಂತಮ್ಮ ಗೋಡೆಗೊರಗಿ ಕೂತಿದ್ದರು. ಮುಖ ಬಾಡಿತ್ತು. ಪಕ್ಕದಲ್ಲಿ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯದ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ಟೈಪಿಂಗಿನವನಿಗೆ ಮಗಳನ್ನು ಕೊಡುವುದೇ ಎಂದು ಮನೆಯವರೆಲ್ಲ ಮೂಗು ಮುರಿದಾಗ, ಕತೆ ಬರೆಯುವ ಹುಡುಗ, ಮಗಳ ಜೊತೆ ಮಾತಾದರೂ ಆಡುತ್ತಾನೆ ಎಂದು ಹಟ ಹಿಡಿದು ಕೊಟ್ಟವರು ಇವರೊಬ್ಬರೇ. ಅವನು ಹಾರವನ್ನು ಅಂಗಿಯೊಳಗೆ ತುರುಕಿಕೊಂಡು ಹಿಂಬಾಗಿಲಿನಿಂದ ಒಳಗೆ ಹೋದ.

"ಅತ್ತೆ, ಊಟ ಮಾಡಿ. ಅದು ಸುಮ್ನೆ ಕತೆ," ಎಂದು ಪಿಸುಗುಟ್ಟಿದ.

"ಸುಮ್ನೆ ಕತೆ ಆದ್ರೆ ಹೇಳೋಕೇನಪ್ಪ ಕಷ್ಟ?"

ಜ್ಞಾನೇಶ ಹೊರಗಿನ ಕಡೆ ಒಮ್ಮೆ ನೋಡಿ ಮಂಚದ ತುದಿಯಲ್ಲಿ ಕೂತ.

"ಅವಳು ಕಣ್ಣು ಬಿಡ್ತಾಳೆ," ಎಂದ.

ಮಹಾಂತಮ್ಮ ತಟ್ಟೆ ತೆರೆದು ರೊಟ್ಟಿ ಮುರಿದರು. ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಬಿಟ್ಟು ಯಾರನ್ನ ನೋಡ್ತಾಳೆ?"

ಅಲ್ಲಿಂದ ಮುಂದೆ ತುತ್ತಿಗೊಂದು ಪ್ರಶ್ನೆ. ಉತ್ತರ ಬಂದರೆ ತುತ್ತು ಒಳಗೆ, ತಡವರಿಸಿದರೆ ತುತ್ತು ತಟ್ಟೆಗೆ ವಾಪಸ್ಸು. ಮೊದಲು ನಾಗಾಂಬಿಕೆಯನ್ನೇ ನೋಡುತ್ತಾಳೆ ಎಂದ. ಆಮೇಲೆ ಎಂದರು. ನಾಗಾಂಬಿಕೆ ಕುಸಿದು ಬಿದ್ದು ತಪ್ಪೊಪ್ಪಿಕೊಳ್ಳುತ್ತಾಳೆ ಎಂದ. ಗಂಡನಿಗೆ ನೆನಪು ಬರುತ್ತದಾ ಎಂದರು. ಬಂತು. ಆಸ್ತಿ? ಸಿಕ್ಕಿತು. ಹೊಟ್ಟೆಯಲ್ಲಿರುವ ಮಗು? ಹುಟ್ಟಿತು. ಎರಡನೇ ರೊಟ್ಟಿಯ ಕೊನೆಗೆ ಅವನ ಹತ್ತಿರ ಏನೂ ಉಳಿಯದೆ, ಕಾಪಿಟ್ಟಿದ್ದ ಅವಳಿ ತಂಗಿಯನ್ನೂ ಹೊರಗೆ ತೆಗೆದ. ಮಹಾಂತಮ್ಮ ಹಾ ಎಂದು ಬಾಯಿ ತೆರೆದದ್ದು ತುತ್ತಿಗೂ ಅನುಕೂಲವಾಯಿತು. ಮೂರನೇ ರೊಟ್ಟಿಯಲ್ಲಿ ಆ ತಂಗಿಗೂ ಒಳ್ಳೆಯ ಕಡೆ ಮದುವೆಯಾಯಿತು.

ಕರುಣೆಯೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ತನ್ನ ಕತೆ ಕೇಳುವ ಮುಖವನ್ನು ಕಣ್ಣೆದುರು ನೋಡಿದ್ದ. ಆ ಮುಖ ಹೆದರಿತು, ಅತ್ತಿತು, ನಕ್ಕಿತು. ಆ ಸುಖದಲ್ಲಿ ಅವನಿಗೆ ಆಣೆ, ಮಾವ, ಹಸಿವು ಯಾವುದೂ ನೆನಪಿಗೆ ಬರಲಿಲ್ಲ. ಕೊನೆಯ ತುತ್ತು ನುಂಗಿ ಮಹಾಂತಮ್ಮ, ಶಿವ ದೊಡ್ಡವನು, ಎಲ್ಲರೂ ಚೆನ್ನಾಗಿರಲಿ ಎಂದು ಕೈ ತೊಳೆದರು.

ಮುಖ ಗಂಭೀರ ಮಾಡಿಕೊಂಡು, ಹಾರ ಹೊರಗೆಳೆದುಕೊಂಡು ಜ್ಞಾನೇಶ ಶಾಮಿಯಾನಕ್ಕೆ ವಾಪಸ್ಸು ಬಂದ. ಘೋಷಣೆ ನಿಂತಿತ್ತು. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರೂ ಮೊಬೈಲನ್ನು ಕಿವಿಗೆ ಹಿಡಿದು ಕಲ್ಲಿನಂತೆ ಕೂತಿದ್ದರು. ಯಾರೋ ಸತ್ತಿರಬೇಕು ಎಂದುಕೊಂಡ. ಅಷ್ಟರಲ್ಲಿ ಭೂತಪ್ಪನ ಮೊಬೈಲಿನಿಂದ ಅವನದೇ ದನಿ ಕೇಳಿಸಿತು. 'ಬಿಟ್ಟು ಮೊದ್ಲು ನಾಗಾಂಬಿಕೆಯನ್ನೇ ನೋಡ್ತಾಳೆ ಅತ್ತೆ' ಎನ್ನುತ್ತಿತ್ತು ಆ ದನಿ.

ಹಳೆಯ ಸಂಚಿಕೆಯಾದರೂ ಸರಿ, ಒಂದೂವರೆಗೆ ಕಾನ್ಫರೆನ್ಸ್ ತಪ್ಪಿಸುವುದುಂಟೇ. ಮಹಾಂತಮ್ಮನ ಫೋನು ಎಂದಿನಂತೆ ದಿಂಬಿನ ಮಗ್ಗುಲಲ್ಲಿ ತೆರೆದೇ ಇತ್ತು. ಗೋಪಾಳ, ಮಲವಗೊಪ್ಪ, ಕೋಟೆ ಮೂರೂ ಕಡೆಯವರು ತುಟಿ ಪಿಟಕ್ಕೆನ್ನದೆ ಪೂರ್ತಿ ಕೇಳಿದ್ದರು. ಕೋಟೆಯ ವಾಣಿ ಬುದ್ಧಿವಂತೆ. ಕೇಳಿದ್ದನ್ನೆಲ್ಲ ಇನ್ನೊಂದು ಮೊಬೈಲಿನಲ್ಲಿ ತುಂಡು ತುಂಡಾಗಿ ಹಿಡಿದು ಆಗಿಂದಾಗಲೇ ಗ್ರೂಪಿಗೆ ಹಾಕುತ್ತಿದ್ದಳು. ಅಲ್ಲಿಂದ ಅದು ಊರೂರು ಸುತ್ತಿ ಇದೇ ಶಾಮಿಯಾನಕ್ಕೆ ಬಂದು ಮುಟ್ಟಿತ್ತು.

ಮುರುಗೇಶಪ್ಪ ಎದ್ದು ಬಂದು ಅಳಿಯನ ಕೊರಳಿನಿಂದ ಹಾರ ತೆಗೆದರು. ಯಾವ ಬಾಗಿಲಿನಿಂದ ಒಳಗೆ ಹೋದೆ ಎಂದು ಕೇಳಿದರು. ಅಷ್ಟರಲ್ಲಿ ಮುರುಗೇಶಪ್ಪನವರ ಫೋನು ಬಡಿದುಕೊಂಡಿತು. ಎಷ್ಟೋ ವರ್ಷಗಳ ನಂತರ ತಮ್ಮ ವಿಜಯಕುಮಾರ್ ಮಲವಗೊಪ್ಪದಿಂದ ಮಾಡಿದ್ದ.

"ಅಣ್ಣ, ನಿನ್ನ ಮನೇಲೂ ಹಿಂದಿನ ಗೇಟ್ ಇದೆಯಂತಲ್ಲ," ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಮುರುಗೇಶಪ್ಪ ಕುರ್ಚಿಯಲ್ಲಿ ಕುಸಿದು ಕೂತರು. ಆ ಮುಖವನ್ನು ನೋಡಲಾರದೆ ಜ್ಞಾನೇಶ ತಲೆ ತಗ್ಗಿಸಿದ. ಬೆಳಿಗ್ಗೆಯಷ್ಟೇ ಸಿಕ್ಕ ಮಾವ ಮಧ್ಯಾಹ್ನಕ್ಕೆ ಕೈಬಿಟ್ಟು ಹೋಗಿದ್ದರು. ಈಗ ಅವನ ಫೋನು ಬಡಿದುಕೊಂಡಿತು. ಮಲ್ಲಿಕ್. ಸ್ಪೀಕರ್ ಹಾಕು, ಎಲ್ಲರೂ ಕೇಳಲಿ ಎಂದು ಮುರುಗೇಶಪ್ಪ ಕೂತಲ್ಲಿಂದಲೇ ಹೇಳಿದರು.

"ಗೆದ್ವಿ ಕಣೋ," ಎಂದ ಮಲ್ಲಿಕ್. "ಒಂದು ಗಂಟೆಗೇ ಎಲ್ಲಾ ಬೇಡಿಕೆ ಒಪ್ಕೊಂಡ್ರು. ಮುಷ್ಕರ ವಾಪಸ್. ನಿಂಗೆ ಆಗ್ಲೇ ಫೋನ್ ಮಾಡ್ದೆ, ಎತ್ಲೇ ಇಲ್ಲ."

ಘೋಷಣೆಯ ಗದ್ದಲದಲ್ಲಿ ಕೇಳಿಸಿರಲಿಲ್ಲ. ಮೊದಲು ಅರ್ಥವಾದದ್ದು ಭೂತಪ್ಪನಿಗೆ. ಮುಷ್ಕರ ಮುಗಿದದ್ದು ಒಂದು ಗಂಟೆಗೆ, ಹುಡುಗ ಬಾಯಿ ಬಿಟ್ಟದ್ದು ಒಂದೂವರೆಯ ಮೇಲೆ. ಮುಷ್ಕರವೇ ಇಲ್ಲದ ಮೇಲೆ ಹಿಂದಿನ ಗೇಟಾದರೇನು ಮುಂದಿನ ಗೇಟಾದರೇನು ಎಂದು ಅವನು ಎಲ್ಲರಿಗೂ ಬಿಡಿಸಿ ಹೇಳಿದ. ಮುರುಗೇಶಪ್ಪನವರ ಮುಖ ಅರಳಿತು. ಹಾರ ಮತ್ತೆ ಅಳಿಯನ ಕೊರಳಿಗೆ ಬಂತು. ಇನ್ನು ಮುಂದೆ ಬರಹಗಾರರ ಹೆಸರು ಸೋಪಿನ ಕಾಟವಿಲ್ಲದೆ ತೆರೆಯ ತುಂಬ ಬರುತ್ತದೆ ಎಂದು ಮಲ್ಲಿಕ್ ಹೇಳಿದಾಗ ಶಾಮಿಯಾನದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಜ್ಞಾನೇಶ ಈ ಸಲ ಈರುಳ್ಳಿ ಇಲ್ಲದೆಯೇ ಅತ್ತ.

"ಇನ್ನೊಂದು ವಿಷ್ಯ," ಎಂದ ಮಲ್ಲಿಕ್. ಅವನ ದನಿ ಸಣ್ಣದಾಗಿತ್ತು. "ನೀನು ಹೇಳಿದ ಕತೆ ಚಾನೆಲ್‌ನವ್ರ ಕೈಗೂ ಬಂದಿದೆ. ಮುಖ್ಯಸ್ಥರು ಕೇಳಿ ಅತ್ತೇಬಿಟ್ರಂತೆ. ಆದ್ರೆ ಅದ್ರಲ್ಲಿ ಎಲ್ಲಾ ಮುಗಿದೇ ಹೋಗಿದೆಯಲ್ಲೋ ಮಾರಾಯ. ಊರಿಗೆಲ್ಲ ಕೊನೆ ಗೊತ್ತಾದ ಮೇಲೆ ಇನ್ನೇನು ಎಳೆಯೋದು ಅಂತಿದ್ದಾರೆ. ನಾಳೆ ಅದನ್ನೇ ಶೂಟ್ ಮಾಡಿ ಶುಭಂ ಹಾಕ್ತಾರೆ. ಆಮೇಲೆ ಆ ಹೊತ್ತಿಗೆ ಹಳೇದನ್ನೇ ಹಾಕ್ತಾರಂತೆ, ಜನ ಅದನ್ನೂ ನೋಡ್ತಾರಲ್ಲ. ನಾಳೆ ನಿನ್ನ ಹೆಸರು ಮಾತ್ರ ದೊಡ್ಡದಾಗಿ ಬರುತ್ತೆ. ಅದನ್ನ ಬರೆಸಿಕೊಂಡಿದ್ದೀನಿ."

ಫೋನು ಕಟ್ಟಾಯಿತು. ಮೂರು ವರ್ಷದ ಜೀವನವನ್ನು ಜ್ಞಾನೇಶ ಮೂರು ರೊಟ್ಟಿಗೆ ನಂಜಿಕೊಳ್ಳಲು ಕೊಟ್ಟು ಬಂದಿದ್ದ. ಆಚೆ ಭೂತಪ್ಪ ಶಾಮಿಯಾನದ ಹಗ್ಗ ಬಿಚ್ಚತೊಡಗಿದ್ದ. ಜ್ಞಾನೇಶ ಮಾವನ ತೋಳು ಹಿಡಿದುಕೊಂಡು, ಇದನ್ನು ಬಿಚ್ಚಿಸಬೇಡಿ, ನನ್ನ ಕೆಲಸ ಹೋಯಿತಲ್ಲ, ಇದಕ್ಕೂ ಒಂದು ಮುಷ್ಕರ ಮಾಡೋಣ ಎಂದು ಬೇಡಿಕೊಂಡ.

ಮುರುಗೇಶಪ್ಪ ಅಳಿಯನ ಬೆನ್ನು ಸವರಿದರು. "ಮುಷ್ಕರ ಮಾಡೋಕೆ ಮೊದ್ಲು ಒಂದು ಕೆಲಸ ಅಂತ ಇರ್ಬೇಕಪ್ಪ," ಎಂದರು.

ಅಷ್ಟರಲ್ಲಿ ಹೊಟ್ಟೆ ತುಂಬಿ ಚೇತರಿಸಿಕೊಂಡಿದ್ದ ಮಹಾಂತಮ್ಮ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಟೀವಿಯಲ್ಲಿ ನೋಡುವುದಕ್ಕಿಂತ ನಿನ್ನ ಬಾಯಲ್ಲಿ ಕೇಳುವುದೇ ಚೆನ್ನ ಎಂದು ಕಾನ್ಫರೆನ್ಸಿನಲ್ಲಿ ಎಲ್ಲರೂ ಒಮ್ಮತಕ್ಕೆ ಬಂದಿದ್ದಾರೆ, ನಾಳೆ ಬೇಡ, ನಾಡಿದ್ದು ಒಂದೂವರೆಗೆ ಸರಿಯಾಗಿ ಹೊಸದೊಂದು ಶುರು ಮಾಡಬೇಕು ಎಂದರು. ಅದು ಶುರುವಾಗುವ ತನಕ ಅನ್ನ ಮುಟ್ಟುವುದಿಲ್ಲ ಎಂದು ಆಗಲೇ ಹರಕೆ ಹೊತ್ತುಕೊಂಡೂ ಆಗಿತ್ತು. ಫೋನಿನೊಳಗಿನಿಂದ ಶಾಂಭವಿಯೂ ಹೂಂಗುಟ್ಟಿದಳು.

ಜ್ಞಾನೇಶ ಹಾರದ ಹೂವೊಂದನ್ನು ಕಿವುಚುತ್ತ, ಕೊನೆಯ ಆಸೆಯೆಂಬಂತೆ ಒಂದು ಮಾತು ಕೇಳಿದ. "ಅದ್ರಲ್ಲಿ ನನ್ನ ಹೆಸರು ಹೇಳ್ತೀರಾ ಅತ್ತೆ?"

"ಹೆಸರು ಯಾಕಪ್ಪ," ಎಂದರು ಮಹಾಂತಮ್ಮ, "ನಮ್ಮ ಅಳಿಯ ಅಂದ್ರೆ ಸಾಲ್ದಾ?"

ಹೊಟ್ಟೆ ಚುರುಗುಟ್ಟುತ್ತಿತ್ತು. ಜ್ಞಾನೇಶ ಎದ್ದು ಈ ಸಲ ಮುಂಬಾಗಿಲಿನಿಂದಲೇ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡಿದ. ರೊಟ್ಟಿ ಮುಗಿದಿತ್ತು.